ಗಾಳಿಯ ಲೆಕ್ಕ

ತಾತ ಹುಸೇನಪ್ಪ, ಕಸುಬಿನಿಂದ ಪಿಂಜಾರ,
ಮಂಗಳವಾರ ಪೇಟೆಯಿಂದ ಮಾನ್ವಿ ದಾರಿಯ ತನಕ
ಕಮಾನು ಹೆಗಲಿಗೆ ಹಾಕಿ ನಡೆದವ.
ನರದ ತಂತಿ ಒಮ್ಮೆ ಠಂಯ್ ಎಂದರೆ ಸಾಕು,
ಓಣಿಯ ಹೆಂಗಸರು ಹಳೆ ಗಾದಿ ಹೊತ್ತು
ಅಂಗಳಕ್ಕೆ ಬರುತ್ತಿದ್ದರಂತೆ.
ಹತ್ತು ವರ್ಷ ಮೈಭಾರ ತಿಂದು ಕಲ್ಲಾದ ಹತ್ತಿ
ಅವನ ಪೆಟ್ಟಿಗೆ
ಹಬೆಯ ಹಾಗೆ ಎದ್ದು ಕೂರುತ್ತಿತ್ತು.
ಯಾವ ಮನೆಯ ಮಗು ಎಷ್ಟು ವರ್ಷ ಹಾಸಿಗೆ ತೊಯಿಸಿತು
ಎಂಬುದೂ ಅವನಿಗೆ ಗೊತ್ತಿತ್ತು. ಹೇಳುತ್ತಿರಲಿಲ್ಲ.

ನಾನು ಕೃಷಿ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ
ಜಿನ್ನಿಂಗ್ ಮಿಲ್ಲು ಗುಡಿಸಿ ಬಿಸಾಡಿದ ಗಿಡ್ಡ ನಾರನ್ನು
ಕರಗಿಸಿ, ಹೆಪ್ಪುಗಟ್ಟಿಸಿ,
ಗಟ್ಟಿ ಮೊಸರಿನಂಥ ಬಿಲ್ಲೆ ಮಾಡುತ್ತೇನೆ.
ಆಮೇಲೆ ಅದರ ನೀರು ತೆಗೆಯಬೇಕು,
ನೀರಿದ್ದ ಜಾಗ ಮಾತ್ರ ಹಾಗೇ ಉಳಿಯಬೇಕು.
ಇಷ್ಟೇ ವಿದ್ಯೆ.

ನೀರು ಸುಮ್ಮನೆ ಹೋಗುವುದಿಲ್ಲ ಕಣ್ರೀ.
ಹೊರಡುವಾಗ ಗೋಡೆಗಳ ಕೈಹಿಡಿದು ಎಳೆಯುತ್ತದೆ.
ಮೊದಲ ಹನ್ನೊಂದು ಬಿಲ್ಲೆ ಹಾಗೇ ಹೋದವು,
ಮಾಳಿಗೆಯ ಮೇಲೆ ಮರೆತ ಸಂಡಿಗೆಯಂತೆ ಮುರುಟಿ.
ಮುಂದಿನವಕ್ಕೆ ನೀರು ಬಿಡಿಸಿ ಸ್ಪಿರಿಟ್ಟು ಕುಡಿಸಿದೆವು,
ಉಕ್ಕಿನ ಹಂಡೆಯಲ್ಲಿ ಕೂಡಿಹಾಕಿ
ಸೋಡಾದ ಗ್ಯಾಸನ್ನು ಒತ್ತಿದೆವು, ಒತ್ತಿದೆವು,
ಅದು ನೀರೂ ಅಲ್ಲದ, ಗಾಳಿಯೂ ಅಲ್ಲದ
ಒಂದು ಹೊತ್ತಿಗೆ ಬಂದು ನಿಲ್ಲುವ ತನಕ.
ಅದಕ್ಕೆ ಮೂವತ್ತೊಂದು ಡಿಗ್ರಿ ದಾಟಬೇಕಂತೆ.
ಪುಸ್ತಕ ಬರೆದವರು ಎಲ್ಲೋ ಚಳಿ ದೇಶದವರು,
ಹೀಟರ್ ಹಚ್ಚಿರಿ ಅಂತಾರೆ.
ಮೇ ತಿಂಗಳ ರಾಯಚೂರಿನಲ್ಲಿ
ಹಾಲಿನವ ಗಂಟೆ ಬಾರಿಸುವುದರೊಳಗೇ ಅಷ್ಟಾಗಿರುತ್ತದೆ!
ಅವತ್ತು ಮೊದಲ ಸಲ
ಈ ಊರಿನ ಬಿಸಿಲಿಗೆ ಬೈಯದೆ ಬಸ್ಸು ಹತ್ತಿದೆ.

ರಾಜ್ಯಕ್ಕೆಲ್ಲ ಕರೆಂಟು ಕೊಡುವ ಜಿಲ್ಲೆಯಲ್ಲಿ
ಕರೆಂಟು ಹೋಗಿ ಹದಿನಾಲ್ಕನೆಯದು ಒಡೆಯಿತು.

ಹತ್ತೊಂಬತ್ತನೆಯದು ಬಂತು.
ಹೊಗೆಯನ್ನು ಯಾರೋ ಬಿಲ್ಲೆಗೆ ಕೊಯ್ದಂತೆ.
ತಕ್ಕಡಿಯ ಮೇಲಿಟ್ಟರೆ
ಯಂತ್ರ ಬಹಳ ಹೊತ್ತು ಯೋಚಿಸಿತು.

ಅರಿಸಿನದಲ್ಲಿ ಒಂದು ಹಳದಿ ಸತ್ವವಿದೆ,
ನೀರಿಗೆ ಸೇರದು, ಬೆಳಕಿಗೆ ತಾಳದು,
ಉಂಡದ್ದರಲ್ಲಿ ಬಹುಪಾಲು ಮೈಗೆ ಹತ್ತದೆ ಹೊರಟುಹೋಗುತ್ತದೆ.
ಅದನ್ನು ಈ ಖಾಲಿ ಕೋಣೆಗಳಲ್ಲಿ ಕೂರಿಸಿ
ಹೊಟ್ಟೆಯ ಹುಳಿ ದಾಟಿಸಿ
ಕರುಳಿನ ಬಾಗಿಲಲ್ಲಿ ಇಳಿಸಬೇಕು.
ಗಂಜಿನ ಹಮಾಲಿ ಕೆಲಸ, ಅಂದೆ ತಾತನಿಗೆ:
ಮೂಟೆ ಬಿಚ್ಚಬಾರದು, ದಾರಿಯಲ್ಲಿ ಕೂರಬಾರದು,
ಹೇಳಿದ ಅಂಗಡಿಗೇ ಹಾಕಬೇಕು.

ಟಿಫಿನ್ ಡಬ್ಬಿಯಿಂದ ತೆಗೆದು ಅವನ ಅಂಗೈಗಿಟ್ಟೆ.
ಅಲ್ಲಿನ ಜಡ್ಡಿಗೆ ಅದು ಬಂದದ್ದೇ ತಿಳಿಯಲಿಲ್ಲ.
"ಇದರಾಗ ಹತ್ತಿ ಎಷ್ಟು?"
ನೂರಕ್ಕೆ ಮೂರು ಪಾಲು.
"ಮತ್ತ ಉಳದದ್ದು?"
ಗಾಳಿ, ತಾತ.
ನಕ್ಕ. ನಗು ಕೆಮ್ಮಿಗೆ ತಿರುಗಿ
ಮಧ್ಯಾಹ್ನದುದ್ದಕ್ಕೂ ನಡೆಯಿತು.
"ಅರವತ್ತು ವರ್ಷ ಹೊಡದೀನಿ.
ಹತ್ತಿ ಅವರದು, ಗಾದಿ ಅವರದು,
ನಾ ಹಾಕಿದ್ದು ಗಾಳಿ ಒಂದ.
ತಕ್ಕಡ್ಯಾಗ ಅದು ಎಂದೂ ಬೀಳಲಿಲ್ಲ ನೋಡವ್ವ."

ಅವನ ಎಕ್ಸ್‌ರೇ ನಾನು ನೋಡಿದ್ದೇನೆ.
ಒಳಗಿನ ಸಣ್ಣ ಕೋಣೆಗಳ ಗೋಡೆ ಬಿದ್ದಿವೆ ಎಂದರು ಡಾಕ್ಟರು.
ಹನ್ನೊಂದು ಬಿಲ್ಲೆ ನೆನಪಾದವು, ಬಾಯಿ ಬಿಡಲಿಲ್ಲ.
ಇದು ಅದಕ್ಕೆ ಮದ್ದಲ್ಲ.
ಹಾಗಂತ ಯಾರೂ ಹೇಳಿಲ್ಲ, ನಾನೂ ಹೇಳಲಿಲ್ಲ.

ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ
ಅಂಗೈ ಖಾಲಿ.
ತಾತಾ! ಏಳು ವಾರದ ಕೆಲಸ ಅದು!
ಕಣ್ಣು ಮುಚ್ಚಿ ಕೂತಿದ್ದ,
ದೂರದ ಓಣಿಯಿಂದ ಯಾರೋ ಕರೆದದ್ದನ್ನು
ಆಲಿಸುವವನ ಹಾಗೆ.
"ಏನೂ ಇಲ್ಲಲ್ಲೇ," ಅಂದ.
ಗೋಡೆಯ ನೆರಳು ಕಟ್ಟೆ ದಾಟಿತು.
"ಹಾಂ, ಈಗ ಬಂತು. ಅರಿಸಿನ."
ಹಳದಿ ನಾಲಿಗೆ ಚಾಚಿ ತೋರಿಸಿದ,
ಶಾಲೆ ತಪ್ಪಿಸಿದ ಹುಡುಗನಂತೆ.

ಇನ್ನು ರಿಜಿಸ್ಟರಿನಲ್ಲಿ ಬರೆಯಬೇಕು:
ಮಾದರಿ ಹತ್ತೊಂಬತ್ತು. ತೂಕ, ಇಷ್ಟು.
ಷರಾ ಎಂಬ ಕಾಲಮ್ಮಿನ ಮುಂದೆ
ಪೆನ್ನು ಹಿಡಿದು ಕೂತಿದ್ದೇನೆ.
ಫ್ಯಾನು ತಿರುಗುತ್ತಿದೆ, ಎಲ್ಲ ಹಾಳೆ
ಒಮ್ಮೆಗೇ ಏಳಲು ನೋಡುತ್ತಿವೆ.